ಸುಂಟಿಕೊಪ್ಪದ ಒಂಬತ್ತನೇ ಮೈಲುಗಲ್ಲು: ಕಂಡವರು ತಿಳಿಸಿ

(ಚರ್ಚಾವೇದಿಕೆಯ ಬರಹಗಳು; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರಿದೆ)

ಸುಂಟಿಕೊಪ್ಪದ ಹಳಬ

ಮಡಿಕೇರಿಯಿಂದ ಕುಶಾಲನಗರದ ಕಡೆಗೆ ಬರುವಾಗ, ಸುಂಟಿಕೊಪ್ಪ ಪೇಟೆ ಇನ್ನೇನು ಬಂತು ಎನ್ನುವಲ್ಲಿ, ರಸ್ತೆಯ ಎಡಕ್ಕೆ ಬರೆಯ (ರಸ್ತೆಬದಿಯ ಗುಡ್ಡದ ಕಡಿದಾದ ಮಗ್ಗುಲು) ಬುಡದಲ್ಲಿ ಒಂದು ಮೈಲುಗಲ್ಲು ಇತ್ತು. ನಮ್ಮ ಸೊಂಟದಷ್ಟು ಎತ್ತರ (ಆಗಿನ ನಮ್ಮ ಸೊಂಟ ಎಂದುಕೊಳ್ಳಿ), ಗುಂಡಗಿನ ತಲೆ, ಮುಂಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿದ ‘ಮರ್ಕೇರಾ’ (ಮಡಿಕೇರಿಯ ಇಂಗ್ಲಿಷ್ ರೂಪ) ಎಂಬ ಹೆಸರು, ಅದರ ಕೆಳಗೆ ಅಂಗೈಯಗಲದ 9. ಶಾಲೆಯ ಬಸ್ಸಿಗೆ ಕಾಯುವಾಗ ಬುತ್ತಿಯ ಡಬ್ಬಿ ಇಡುವುದಕ್ಕೂ, ಸರದಿಯ ಮೇಲೆ ಹತ್ತಿ ಕೂರುವುದಕ್ಕೂ ಅದೇ ಜಾಗ. ಸುಣ್ಣ ಬಳಿದ ಹೊಸತರಲ್ಲಿ ಕೂತರೆ ಖಾಕಿ ಚಡ್ಡಿಯ ಹಿಂಭಾಗ ಬೆಳ್ಳಗಾಗುತ್ತಿತ್ತು, ಮನೆಗೆ ಹೋದಾಗ ಎಲ್ಲಿದ್ದೆ ಎಂದು ಅಮ್ಮ ಕೇಳಬೇಕಾಗಿಯೇ ಇರಲಿಲ್ಲ. ಆ ನಿಲ್ದಾಣಕ್ಕೆ ಬೇರೆ ಹೆಸರೂ ಇರಲಿಲ್ಲ. ‘ಒಂಬತ್ತನೇ ಕಲ್ಲಿನ ಹತ್ತಿರ ನಿಲ್ಲಿಸಿ’ ಎಂದರೆ ಕಂಡಕ್ಟರಿಗೆ ಸಾಕಾಗುತ್ತಿತ್ತು.

ರಸ್ತೆ ಅಗಲ ಮಾಡಲು ಬರೆ ಅಗೆದಾಗ ಕಲ್ಲು ಕಾಣೆಯಾಯಿತು. ಕೆಲಸ ನಡೆಸುತ್ತಿದ್ದ ಗುತ್ತಿಗೆದಾರನನ್ನು ನಾನೇ ಹೋಗಿ ಕೇಳಿದ್ದೆ, ‘ಎಂಥ ಕಲ್ಲು?’ ಎಂದು ಆತ ನನ್ನನ್ನೇ ಕೇಳಿದ. ಅದರ ಛಾಯಾಚಿತ್ರ ಯಾರಲ್ಲಾದರೂ ಇದೆಯೇ, ಕಲ್ಲು ಈಗ ಎಲ್ಲಿದೆ, ಅದು ಯಾವ ಕಾಲದ್ದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ.

ನಿವೃತ್ತ ಓವರ್‌ಸಿಯರ್, ಮಡಿಕೇರಿ

ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಕಲ್ಲಿನ ಮೇಲೆ ‘ಮರ್ಕೇರಾ’ ಎಂದಿದ್ದ ಮಾತ್ರಕ್ಕೆ ಅದು ಕಂಪೆನಿ ಸರ್ಕಾರದ ಕಾಲದ್ದು ಎಂದು ಹೇಳಲಾಗದು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದಂದಿನಿಂದ ಕಡತಗಳಲ್ಲಿ ನೆಲೆಯೂರಿದ ಆ ಹೆಸರು ಸ್ವಾತಂತ್ರ್ಯ ಬಂದ ಮೇಲೂ, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿಹೋದ ಮೇಲೂ, ಬಹಳ ದಿನ ಬಳಕೆಯಲ್ಲಿತ್ತು. ಹೆಸರಿಗಿಂತ ಕೆತ್ತನೆಯ ರೀತಿಯನ್ನು, ಕಲ್ಲಿನ ಮೈಯನ್ನು ಹದಗೊಳಿಸಿದ ಚಾಣದ ಗುರುತನ್ನು ನೋಡಬೇಕು.

ಅಳತೆಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುತ್ತೇನೆ. ಒಂದು ಮೈಲಿಗೆ ಎಂಟು ಫರ್ಲಾಂಗು, ಒಂದು ಫರ್ಲಾಂಗಿಗೆ 220 ಗಜ, ಅಂದರೆ 22 ಗಜದ ಸರಪಳಿಯನ್ನು ಹತ್ತು ಸಲ ಎಳೆದಷ್ಟು. ಎರಡು ಮೈಲುಗಲ್ಲುಗಳ ನಡುವೆ ಏಳು ಸಣ್ಣ ಫರ್ಲಾಂಗುಕಲ್ಲುಗಳು ಇರುತ್ತಿದ್ದವು. ರಸ್ತೆಯ ಮೇಲಿನ ಯಾವ ಕೆಲಸವೂ ಊರಿನ ಹೆಸರಿನಲ್ಲಿ ದಾಖಲಾಗುತ್ತಿರಲಿಲ್ಲ, ಈ ಕಲ್ಲುಗಳ ಲೆಕ್ಕದಲ್ಲಿ ದಾಖಲಾಗುತ್ತಿತ್ತು. ‘9/3ರಲ್ಲಿ ಮೋರಿ ಕುಸಿದಿದೆ’ ಎಂದು ಬರೆದರೆ ಒಂಬತ್ತನೇ ಮೈಲು ದಾಟಿ ಮೂರನೇ ಫರ್ಲಾಂಗು ಎಂದು ಆಫೀಸಿನಲ್ಲಿ ಕುಳಿತವರಿಗೂ ಸ್ಥಳದಲ್ಲಿ ರಸ್ತೆ ನೋಡಿಕೊಳ್ಳುತ್ತಿದ್ದ ಮೈಲುಕೂಲಿಗಳಿಗೂ ಒಂದೇ ಅರ್ಥವಾಗುತ್ತಿತ್ತು. ಜಲ್ಲಿಯ ರಾಶಿ, ಚರಂಡಿಯ ಹೂಳು, ಬಿದ್ದ ಮರ, ಕೊನೆಗೆ ಅಧಿಕಾರಿಗಳ ಪ್ರಯಾಣಭತ್ಯೆ ಕೂಡ ಇದೇ ಕಲ್ಲುಗಳ ಮೇಲೆ ನಿಂತಿತ್ತು. ನಮ್ಮ ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ಬೇರೆ ಕಡೆ ದೂರ ಹೇಳಲು ರೈಲುದಾರಿಯ ಲೆಕ್ಕವೂ ಒಂದಿತ್ತು, ನಮಗೆ ರಸ್ತೆಯ ಕಲ್ಲು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಆಯಿತು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳು ನಿಂತ ಮೇಲೆ ಹಳೆಯವುಗಳನ್ನು ಕೆಲವೆಡೆ ತಿರುಗಿಸಿ ಬೆನ್ನಿನ ಮೇಲೆ ಹೊಸ ಅಂಕಿ ಕೆತ್ತಿದರು, ಕೆಲವೆಡೆ ಮೋರಿಗಳ ಪಕ್ಕದ ಗೋಡೆಗೆ ಸೇರಿಸಿದರು, ಇನ್ನು ಕೆಲವನ್ನು ಇದ್ದಲ್ಲಿಯೇ ಬಿಟ್ಟರು. ಐದು ಮೈಲಿಗೆ ಎಂಟು ಕಿಲೋಮೀಟರ್ ಹೆಚ್ಚುಕಡಮೆ ಸರಿಹೊಂದುವುದರಿಂದ ಐದನೇ, ಹತ್ತನೇ, ಹದಿನೈದನೇ ಕಲ್ಲುಗಳ ಹತ್ತಿರವೇ ಹೊಸ ಕಲ್ಲು ಬಂತು, ಅಲ್ಲಿ ಹಳೆಯದು ಬೇಗ ಹೋಯಿತು. ಒಂಬತ್ತನೇ ಮೈಲು ಎಂದರೆ 14.48 ಕಿಲೋಮೀಟರ್. ಅದು 14 ಮತ್ತು 15ರ ನಡುವೆ ಯಾರಿಗೂ ಅಡ್ಡಿಯಾಗದೆ ಉಳಿದಿದ್ದರಲ್ಲಿ ಆಶ್ಚರ್ಯವಿಲ್ಲ.

ಗಾವುದ

ಓವರ್‌ಸಿಯರ್ ಅವರ ಮಾತಿಗೆ ಹಿನ್ನೆಲೆಯಾಗಿ ಒಂದೆರಡು ಸಂಗತಿ ಸೇರಿಸುತ್ತೇನೆ. ಮೈಲು ಬರುವ ಮುನ್ನ ನಮ್ಮಲ್ಲಿ ದೂರವನ್ನು ಕೂಗಳತೆ, ಹರದಾರಿ, ಗಾವುದಗಳಲ್ಲಿ ಹೇಳುತ್ತಿದ್ದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ. ಇವು ನಡೆಯುವವನ ಕಾಲಿನ ಲೆಕ್ಕಗಳು. ಬೆಟ್ಟ ಹತ್ತುವಾಗ ಹರದಾರಿ ಗಿಡ್ಡವಾಗುತ್ತದೆ, ಬಯಲಿನಲ್ಲಿ ಉದ್ದವಾಗುತ್ತದೆ, ಮಳೆಗಾಲದಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ.

ಕೊಡಗಿನ ಅರಸರಿಗೆ ದಾರಿಯನ್ನು ಅಳೆದು ಕಲ್ಲು ನೆಡುವ ಅಗತ್ಯ ಬಿದ್ದಿರಲಿಲ್ಲ, ದಾರಿ ಸುಲಭವಾಗದಿರುವುದೇ ಅವರ ರಕ್ಷಣೆಯಾಗಿತ್ತು. ಗಡಿಯಲ್ಲಿ ಉಕ್ಕಡಗಳು (ಕಾವಲು ಠಾಣೆಗಳು), ಒಳಗೆ ಬೆಟ್ಟದ ಇಳಿಜಾರಿನುದ್ದಕ್ಕೂ ತೋಡಿದ ಕಡಂಗಗಳೆಂಬ ಕಂದಕಗಳು, ಅವುಗಳ ಆಚೀಚೆ ಕಡಿಯದೆ ಬಿಟ್ಟ ಕಾಡು, ಇವೆಲ್ಲ ಹೊರಗಿನವನಿಗೆ ಇದು ಎಷ್ಟು ದೂರ ಎಂಬುದು ತಿಳಿಯಬಾರದು ಎಂಬ ಉದ್ದೇಶದಿಂದಲೇ ಇದ್ದಂತೆ ನನಗೆ ತೋರುತ್ತದೆ. ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ ಲೆಫ್ಟಿನೆಂಟ್ ಕಾನರ್ ನಾಡನ್ನು ಸರ್ವೆ ಮಾಡಿ 1817ರಲ್ಲಿ ವರದಿ ಬರೆದ, ಅದಾಗಿ ಎರಡು ದಶಕ ತುಂಬುವ ಮೊದಲೇ ರಾಜ್ಯ ಹೋಯಿತು. ಗಡಿಯ ಪೇಟೆಗೆ, ಅಂದರೆ ಇಂದಿನ ಕುಶಾಲನಗರಕ್ಕೆ, 1834ರ ಕಾರ್ಯಾಚರಣೆಯ ಕರ್ನಲ್ ಫ್ರೇಜರನ ಹೆಸರು ಬಿದ್ದು ಫ್ರೇಜರ್‌ಪೇಟೆಯಾಯಿತು. ಅಲ್ಲಿಂದ ಮಡಿಕೇರಿಗೆ, ಮಡಿಕೇರಿಯಿಂದ ಸಂಪಾಜೆ ಇಳಿದು ಮಂಗಳೂರಿಗೆ ಗಾಡಿ ಹೋಗುವ ರಸ್ತೆ ಬೇಕೆಂದು ಅವರಿಗೆ ಅನ್ನಿಸಿದ್ದು ಸೈನ್ಯ ಸಾಗಿಸುವುದಕ್ಕೆ. ಮಡಿಕೇರಿಯ ಬಳಿ 1854ರಲ್ಲಿ ಫೌಲರ್ ತೋಟ ಹಾಕಿದ ಮೇಲೆ ಅದೇ ರಸ್ತೆಯಲ್ಲಿ ಕಾಫಿ ಮೂಟೆಯ ಎತ್ತಿನಗಾಡಿಗಳು ಸಾಲುಗಟ್ಟಿದವು. ಗಂಟೆಗೆ ಎರಡು ಮೈಲಿ ಸಾಗುವ ಗಾಡಿಯವನಿಗೆ, ಬಾಡಿಗೆಯನ್ನು ದೂರದ ಮೇಲೆ ಮಾತಾಡಿಕೊಂಡವನಿಗೆ, ಪ್ರತಿ ಕಲ್ಲೂ ಒಂದು ಲೆಕ್ಕದ ಗೆರೆಯಾಗಿತ್ತು.

ಇನ್ನೊಂದು ಸುಳಿವು. ಸುಂಟಿಕೊಪ್ಪದ ಆಚೆ, ಅದೇ ರಸ್ತೆಯಲ್ಲಿ, ‘ಏಳನೇ ಹೊಸಕೋಟೆ’ ಇದೆಯಲ್ಲವೇ? ಆ ಏಳು ಕುಶಾಲನಗರದಿಂದ ಎಣಿಸಿದ ಏಳನೇ ಮೈಲಿ ಏಕಾಗಿರಬಾರದು?

ನಿವೃತ್ತ ಓವರ್‌ಸಿಯರ್, ಮಡಿಕೇರಿ

ಆಗಿರಬಹುದು ಎಂದು ಹಾರೈಸುವುದು ಸುಲಭ. ಆದರೆ ಸಂಪಾಜೆ ಕಡೆಗೆ ಒಂದನೇ ಮೊಣ್ಣಂಗೇರಿ, ಎರಡನೇ ಮೊಣ್ಣಂಗೇರಿ ಇವೆ, ಅಲ್ಲಿ ಅಂಕಿ ಗ್ರಾಮದ ವಿಭಾಗಕ್ಕೆ ಸೇರಿದ್ದೇ ಹೊರತು ಮೈಲಿಗೆ ಅಲ್ಲ. ಊರಿನ ಹೆಸರಿನಲ್ಲಿ ಅಂಕಿ ಕಂಡ ಕೂಡಲೇ ಮೈಲುಗಲ್ಲು ನೆಡಲು ಹೊರಡಬಾರದು, ಕಂದಾಯದ ದಾಖಲೆಯನ್ನು ಮೊದಲು ನೋಡಬೇಕು.

ಗಾವುದ

ಒಪ್ಪಿದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಕೋಟೆಬಾಗಿಲು

ನನ್ನ ಅಭಿಪ್ರಾಯ ಇಷ್ಟೇ. ಕಲ್ಲು ಸಿಕ್ಕರೆ ಅದನ್ನು ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ತಲುಪಿಸುವುದು ಒಳ್ಳೆಯದು. ಹಿಂದೆ ಸೇಂಟ್ ಮಾರ್ಕ್ಸ್ ಚರ್ಚ್ ಆಗಿದ್ದ ಆ ಕಟ್ಟಡದಲ್ಲಿ ವೀರಗಲ್ಲು, ಶಾಸನ, ಮೂರ್ತಿಗಳು ಹೇಗೋ ಕ್ಷೇಮವಾಗಿವೆ. ರಸ್ತೆಬದಿಯಲ್ಲಿ ಬಿಟ್ಟರೆ ಮುಂದಿನ ಅಗಲೀಕರಣದಲ್ಲಿ ಮತ್ತೆ ಕಳೆಯುತ್ತದೆ. ನೂರು ವರ್ಷ ದಾಟಿದ ಕೆತ್ತಿದ ಕಲ್ಲು 1972ರ ಕಾಯಿದೆಯ ಪ್ರಕಾರ ಪುರಾವಸ್ತುವೇ ಆಗುತ್ತದೆ ಎಂಬುದನ್ನೂ ನೆನಪಿಡಬೇಕು.

ಸುಂಟಿಕೊಪ್ಪದ ಹಳಬ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ವೀರಗಲ್ಲನ್ನು ಎಲ್ಲಿಗೆ ಒಯ್ದರೂ ಅದರ ಮೇಲಿನ ವೀರ ಕುದುರೆಯ ಮೇಲೆಯೇ ಇರುತ್ತಾನೆ, ಶಾಸನವನ್ನು ಎಲ್ಲಿಟ್ಟು ಓದಿದರೂ ದಾನ ಕೊಟ್ಟವನೂ ಪಡೆದವನೂ ಅದರೊಳಗೇ ಇದ್ದಾರೆ. ಮೈಲುಗಲ್ಲು ಹಾಗಲ್ಲ. ‘ಮಡಿಕೇರಿಗೆ 9 ಮೈಲಿ’ ಎಂಬ ಕಲ್ಲನ್ನು ಮಡಿಕೇರಿ ಕೋಟೆಯೊಳಗೆ ನಿಲ್ಲಿಸಿದರೆ ಅದು ಆ ಕ್ಷಣದಿಂದ ಸುಳ್ಳು ಹೇಳಲು ಶುರುಮಾಡುತ್ತದೆ. ಅದು ಹೇಳುತ್ತಿದ್ದ ಸಂಗತಿಯ ಅರ್ಧ ಕಲ್ಲಿನ ಮೇಲಿತ್ತು, ಉಳಿದರ್ಧ ಅದು ನಿಂತ ನೆಲದಲ್ಲಿತ್ತು. ಕಲ್ಲು ಸಿಗದಿದ್ದರೂ ಚಿಂತೆಯಿಲ್ಲ, ಅದು ನಿಂತಿದ್ದ ಜಾಗ ಖಚಿತವಾದರೆ ನನಗೆ ಹೆಚ್ಚು ಸಂತೋಷ.

ಅದಕ್ಕಾಗಿ ಕಳೆದ ಭಾನುವಾರ ಮಡಿಕೇರಿಯಿಂದ ಬೈಕಿನಲ್ಲಿ ಅಳೆದುಕೊಂಡು ಬಂದೆ. 14.5 ಕಿಲೋಮೀಟರ್ ಆದಾಗ ನಿಂತ ಸ್ಥಳ ನನ್ನ ನೆನಪಿನ ಸ್ಥಳಕ್ಕಿಂತ ಬಹಳ ಮುಂದೆ, ಅಂಗಡಿಗಳ ಸಾಲಿನಲ್ಲಿತ್ತು.

ನಿವೃತ್ತ ಓವರ್‌ಸಿಯರ್, ಮಡಿಕೇರಿ

ಬೈಕಿನ ಮೀಟರ್ ನೂರಕ್ಕೆ ಮೂರು ತಪ್ಪಿದರೂ ಅಷ್ಟು ದೂರಕ್ಕೆ ನಾನೂರು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೀವು ಎಲ್ಲಿಂದ ಎಣಿಸಿದಿರಿ ಎಂಬುದು. ಕೋಟೆಯ ಬಾಗಿಲಿನಿಂದಲೋ, ಬಸ್ ನಿಲ್ದಾಣದಿಂದಲೋ, ಪಟ್ಟಣದ ಗಡಿಯಿಂದಲೋ? ಮುಂಬಯಿಯ ಹಳೆಯ ಮೈಲುಗಲ್ಲುಗಳೆಲ್ಲ ಸೇಂಟ್ ಥಾಮಸ್ ಕೆಥೆಡ್ರಲ್‌ನಿಂದ ಎಣಿಸಿದವು. ಪ್ರತಿ ಊರಿಗೂ ಅಂಥದೊಂದು ಸೊನ್ನೆ ಇರುತ್ತದೆ, ಅದು ಬದಲಾದರೆ ಸಾಲೆಲ್ಲ ಸರಿಯುತ್ತದೆ. ಜೊತೆಗೆ ನಮ್ಮ ರಸ್ತೆ ಹಿಂದಿನ ಉದ್ದದಲ್ಲಿ ಇಲ್ಲ. ತಿರುವುಗಳನ್ನು ನೇರ ಮಾಡಿದಾಗಲೆಲ್ಲ ರಸ್ತೆ ಗಿಡ್ಡವಾಗಿದೆ, ಆದ್ದರಿಂದ ಇಂದು ಅಳೆದರೆ ಹಳೆಯ ಒಂಬತ್ತು ಮೈಲಿ ಸಹಜವಾಗಿಯೇ ಮುಂದಕ್ಕೆ ಹೋಗಿ ಬೀಳುತ್ತದೆ. ನಿಮ್ಮ ನೆನಪು ತಪ್ಪಿರಲಿಕ್ಕಿಲ್ಲ.

ಸರಿಯಾದ ದಾರಿ ಎಂದರೆ ಸರ್ವೆ ಆಫ್ ಇಂಡಿಯಾದ ಒಂದಂಗುಲಕ್ಕೆ ಒಂದು ಮೈಲಿಯ ಹಳೆಯ ನಕಾಶೆ. ಅದರಲ್ಲಿ ಜಲ್ಲಿ ರಸ್ತೆಗಳ ಪಕ್ಕದಲ್ಲಿ ಮೈಲುಗಲ್ಲುಗಳನ್ನು ಅಂಕಿಯೊಂದಿಗೆ ಗುರುತಿಸಿರುತ್ತಾರೆ. 48ಪಿ ಸರಣಿಯ ಹಾಳೆಗಳನ್ನು ಹುಡುಕಿ, ಆದರೆ ಒಂದೇ ಹಾಳೆ ತಂದು ನಿರಾಶರಾಗಬೇಡಿ. ಮಡಿಕೇರಿ ಒಂದು ಹಾಳೆಯ ಪೂರ್ವದಂಚಿಗೆ ಬರುತ್ತದೆ, ಸುಂಟಿಕೊಪ್ಪ ಪಕ್ಕದ ಹಾಳೆಗೆ ಹೋಗುತ್ತದೆ.

ಜೋಡುಪಾಲದಿಂದ

ನಿಮ್ಮ ಕಡೆ ಹುಡುಕಲು ರಸ್ತೆಯಾದರೂ ಉಳಿದಿದೆ. ನಮ್ಮ ಸಂಪಾಜೆ ಘಾಟಿಯಲ್ಲಿ 2018ರ ಆಗಸ್ಟಿನಲ್ಲಿ ಬರೆಯೊಂದಿಗೆ ರಸ್ತೆಯೇ ಇಳಿದುಹೋದ ಜಾಗಗಳಿವೆ. ಅಲ್ಲಿದ್ದ ಕಲ್ಲುಗಳು ಪಯಸ್ವಿನಿಯ ಯಾವ ಮಡುವಿನಲ್ಲಿವೆಯೋ.

ಕೆದಕಲ್ ಬೆಳೆಗಾರ

ಎರಡು ವಾರದಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ, ನಮ್ಮಲ್ಲಿ ಇರುವುದು ಹೌದೋ ಅಲ್ಲವೋ ಎಂಬ ಅನುಮಾನದಿಂದ ಬರೆದಿರಲಿಲ್ಲ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಬಟ್ಟೆ ಒಗೆಯಲು ಹಾಸಿದ ಕಲ್ಲೊಂದಿದೆ. ಸುಮಾರು ನಾಲ್ಕಡಿ ಉದ್ದ, ಒಂದಡಿ ಅಗಲ, ಒಂದು ಗೇಣಿಗಿಂತ ತುಸು ಕಡಿಮೆ ದಪ್ಪ. ಎರಡೂ ತುದಿ ಸಿಮೆಂಟಿನೊಳಗೆ ಸೇರಿವೆ. ಅದರ ಮೇಲೆ ಒಂದು ಅಂಕಿ ಇದೆ. ತೊಟ್ಟಿಯ ಕಡೆ ನಿಂತು ನೋಡಿದರೆ 9, ಲೈನಿನ ಕಡೆ ನಿಂತು ನೋಡಿದರೆ 6. ಅಕ್ಷರಗಳಿಲ್ಲ, ಒಗೆದೂ ಒಗೆದೂ ಮೈ ಕನ್ನಡಿಯಂತಾಗಿದೆ. ಅದನ್ನು ನನ್ನ ಅಜ್ಜನ ಕಾಲದಲ್ಲಿ ತಂದು ಹಾಕಿದ್ದು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಸುಂಟಿಕೊಪ್ಪದ ಹಳಬ

ನನಗೆ ಕೈ ನಡುಗುತ್ತಿದೆ. ಆದರೆ ಅಜ್ಜನ ಕಾಲ ಎಂದಿರಿ. ನಮ್ಮ ಕಲ್ಲು ಕಾಣೆಯಾದದ್ದು ನನಗೆ ಮೀಸೆ ಬಂದ ಮೇಲೆ.

ನಿವೃತ್ತ ಓವರ್‌ಸಿಯರ್, ಮಡಿಕೇರಿ

ಆತುರ ಬೇಡ. ಮನೆಯವರ ಕಾಲಗಣನೆಗಿಂತ ಕಲ್ಲನ್ನೇ ಕೇಳೋಣ. ಮೈಲುಗಲ್ಲಿನ ಕೆಳಗಿನ ಮೂರನೆಯ ಒಂದು ಭಾಗ ನೆಲದೊಳಗೆ ಹೋಗುವುದರಿಂದ ಅದಕ್ಕೆ ಯಾರೂ ಕೂಲಿ ಕೊಟ್ಟು ಕೆತ್ತಿಸುತ್ತಿರಲಿಲ್ಲ, ಕಲ್ಲುಕುಟಿಗ ಅದನ್ನು ಒರಟಾಗಿಯೇ ಬಿಡುತ್ತಿದ್ದ, ಸಾಮಾನ್ಯವಾಗಿ ಸ್ವಲ್ಪ ದಪ್ಪವಾಗಿಯೂ ಬಿಡುತ್ತಿದ್ದ. ಒಗೆಯುವ ಮೇಲ್ಮೈ ಸವೆದಿರಬಹುದು, ಪಕ್ಕದ ಮೈ ಸವೆದಿರುವುದಿಲ್ಲ. ಎರಡು ಪಕ್ಕಗಳನ್ನೂ ಕೈಯಿಂದ ಸವರಿ, ಒರಟು ಯಾವ ತುದಿಯಲ್ಲಿದೆ ಎಂದು ನೋಡಿ. ಒರಟು ತುದಿ ಅಂಕಿಯ ಹೊಟ್ಟೆಯ ಕಡೆಗಿದ್ದರೆ ಅದು 6, ಬಾಲದ ಕಡೆಗಿದ್ದರೆ 9.

ಎರಡನೆಯದಾಗಿ, ಊರಿನ ಹೆಸರು ಅಂಕಿಯ ಮೇಲ್ಭಾಗದಲ್ಲಿ ಇರುತ್ತಿತ್ತು ಎಂದು ಹಳಬರೇ ಬರೆದಿದ್ದಾರೆ. ಕತ್ತಲಾದ ಮೇಲೆ ಕಲ್ಲನ್ನು ಒಣಗಿಸಿ, ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿಯಿರಿ. ಕಣ್ಣಿಗೆ ಕಾಣದ ಗೀರು ಕೂಡ ಓರೆ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ದಯವಿಟ್ಟು ಉಳಿಯಿಂದ ಕೆರೆಯಬೇಡಿ, ಆಸಿಡ್ ಹಾಕಬೇಡಿ, ಬಣ್ಣ ತುಂಬಬೇಡಿ.

ಇನ್ನೊಂದು ಮಾತು. ನೀವು ಹೇಳಿದ ಅಳತೆಯ ಕಲ್ಲು ಇನ್ನೂರು ಕಿಲೋ ತೂಗುತ್ತದೆ. ಬಟ್ಟೆ ಒಗೆಯುವುದಕ್ಕೆಂದು ಅದನ್ನು ಸುಂಟಿಕೊಪ್ಪದಿಂದ ಕೆದಕಲ್‌ವರೆಗೆ ಯಾರೂ ಹೊತ್ತು ತರುವುದಿಲ್ಲ.

ಕೆದಕಲ್ ಬೆಳೆಗಾರ

ನಿನ್ನೆ ರಾತ್ರಿ ಹಳಬರೂ ಬಂದಿದ್ದರು, ಇಬ್ಬರೂ ಸೇರಿ ನೋಡಿದೆವು. ಕಲ್ಲಿನ ಪಕ್ಕವನ್ನು ಸವರಿದಾಗ ಲೈನಿನ ಕಡೆಯ ತುದಿಯಲ್ಲಿ ಚಾಣದ ದಪ್ಪ ಏಟುಗಳು ಬೆರಳಿಗೆ ಸಿಕ್ಕವು, ತೊಟ್ಟಿಯ ಕಡೆಯ ತುದಿ ನಯವಾಗಿತ್ತು. ಅಂಕಿಯ ಹೊಟ್ಟೆ ಲೈನಿನ ಕಡೆಗಿದೆ. ಟಾರ್ಚನ್ನು ಕಲ್ಲಿನ ಮೇಲೆ ಮಲಗಿಸಿದಂತೆ ಹಿಡಿದಾಗ ಮೊದಲು ಬಟ್ಟೆ ಉಜ್ಜಿದ ಅಲೆಗಳು ಮಾತ್ರ ಕಂಡವು. ಸ್ವಲ್ಪ ಎಡಕ್ಕೆ ಸರಿಸಿದ ಮೇಲೆ ಅಂಕಿಯ ಬಾಲದಿಂದ ನಾಲ್ಕು ಬೆರಳು ಮೇಲೆ, ಸಿಮೆಂಟಿನ ಅಂಚಿಗೆ ತಾಗಿದಂತೆ, ಓರೆಯಾದ ಎರಡು ಕಾಲುಗಳು ಎದ್ದು ಬಂದವು. ಇಂಗ್ಲಿಷಿನ ‘ಎ’ ಅಕ್ಷರದ ಪಾದಗಳು. ಅದರ ಎಡಕ್ಕೆ ‘ಆರ್’ನ ಬಾಲ. ಉಳಿದ ಹೆಸರು ಸಿಮೆಂಟಿನೊಳಗಿದೆ ಅಥವಾ ಒಡೆದು ಹೋಗಿದೆ. ‘ಮರ್ಕೇರಾ’ ಎಂಬ ಹೆಸರು ಇಂಗ್ಲಿಷಿನಲ್ಲಿ ಮುಗಿಯುವುದು ಆ ಎರಡು ಅಕ್ಷರಗಳಿಂದಲೇ.

ಹಾಗಾಗಿ ಇದು 6.

ಸುಂಟಿಕೊಪ್ಪದ ಹಳಬ

ಹೌದು, ಇದು ನನ್ನ ಕಲ್ಲಲ್ಲ. ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಒಂದು ಗಳಿಗೆ ಬೇಸರವಾದದ್ದು ನಿಜ. ಆದರೆ ಆರು ಮೈಲಿ ಎಂದರೆ 9.66 ಕಿಲೋಮೀಟರ್, ಬೋಯಿಕೇರಿ ದಾಟಿದ ಮೇಲಿನ ಜಾಗ, ಇವರ ತೋಟದ ಗೇಟಿಗೆ ಹತ್ತಿರವೇ. ಓವರ್‌ಸಿಯರ್ ಅವರ ತೂಕದ ಲೆಕ್ಕವೂ ಅದಕ್ಕೆ ಹೊಂದುತ್ತದೆ. ಅಜ್ಜನ ಕಾಲ ಎಂಬ ಮಾತನ್ನು ನೋಡಿದರೆ, ಕಿಲೋಮೀಟರ್ ಕಲ್ಲುಗಳು ಬಂದು ಮೈಲುಗಲ್ಲುಗಳು ಅನಾಥವಾದಾಗ ಇದನ್ನು ಒಳಗೆ ಎಳೆದುಕೊಂಡಿರಬೇಕು ಎಂದು ನನ್ನ ಊಹೆ.

ಗಾವುದ

ಆರಕ್ಕೂ ಒಂಬತ್ತಕ್ಕೂ ನಡುವೆ ಮೂರು ಮೈಲಿ. ನೀವು ಸರಿಯಾಗಿ ಒಂದು ಹರದಾರಿ ಹಿಂದೆ ನಿಂತಿದ್ದೀರಿ.

ಕೋಟೆಬಾಗಿಲು

ಈಗಲಾದರೂ ಆರನೆಯದನ್ನು ಸಂಗ್ರಹಾಲಯಕ್ಕೆ ಕೊಡಬಹುದಲ್ಲ? ಅದು ಹೇಗೂ ತನ್ನ ಜಾಗ ಬಿಟ್ಟಾಗಿದೆ.

ಕೆದಕಲ್ ಬೆಳೆಗಾರ

ಕೊಡುವುದಕ್ಕಿಂತ ಮೊದಲು ಗೇಟಿನ ಹತ್ತಿರ, ರಸ್ತೆಯ ಅಂಚಿನಿಂದ ಒಳಗೆ, ನಮ್ಮ ಜಾಗದಲ್ಲಿಯೇ ನಿಲ್ಲಿಸುವ ಯೋಚನೆಯಿದೆ. ಹಳೆಯ ನಕಾಶೆ ಸಿಕ್ಕಿ ಆರನೇ ಮೈಲಿನ ಜಾಗ ಗೊತ್ತಾದರೆ ಅಲ್ಲಿಗೆ ಎಷ್ಟು ಗಜ ವ್ಯತ್ಯಾಸ ಎಂಬುದನ್ನು ಪಕ್ಕದಲ್ಲಿ ಬರೆಸುತ್ತೇನೆ. ಅಲ್ಲಿಯವರೆಗೆ ಕಲ್ಲಿನ ನಾಲ್ಕೂ ಮೈಯ ಚಿತ್ರಗಳನ್ನು, ಅಳತೆಪಟ್ಟಿ ಇಟ್ಟು ತೆಗೆದು, ಇಲ್ಲಿ ಹಾಕುತ್ತೇನೆ. ಆದರೆ ತಕ್ಷಣಕ್ಕೆ ಒಂದು ಅಡಚಣೆಯಿದೆ. ಲೈನಿನಲ್ಲಿರುವ ಹಿರಿಯ ಹೆಂಗಸೊಬ್ಬರು ನಮ್ಮ ಟಾರ್ಚಿನ ಕೆಲಸವನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, ಕಲ್ಲು ಒಯ್ಯುವುದಾದರೆ ಒಯ್ಯಿರಿ, ಆದರೆ ಮೊದಲು ಇಷ್ಟೇ ಎತ್ತರದ, ಇಷ್ಟೇ ನಯದ ಇನ್ನೊಂದು ಕಲ್ಲು ತಂದು ಹಾಕಿ ಎಂದರು. ಎತ್ತರ ಸಿಗುತ್ತದೆ. ನಯ ಎಲ್ಲಿಂದ ತರಲಿ?

ನಿವೃತ್ತ ಓವರ್‌ಸಿಯರ್, ಮಡಿಕೇರಿ

ಹಳಬರಿಗೆ ಒಂದು ಸೂಚನೆ. ರಸ್ತೆ ಅಗಲ ಮಾಡುವಾಗ ಎದ್ದ ಕಲ್ಲನ್ನು ಲಾರಿಯಲ್ಲಿ ದೂರ ಸಾಗಿಸುವುದಕ್ಕಿಂತ ಹತ್ತಿರದ ಮೋರಿಯ ಪಕ್ಕದ ಗೋಡೆಗೆ ಹಾಕುವುದು ಅಗ್ಗ. ನೀವು ಹೇಳಿದ ಜಾಗದಿಂದ ಪೇಟೆಯ ಕಡೆಗೆ ಸಿಗುವ ಮೊದಲ ಎರಡು ಮೋರಿಗಳನ್ನು ನೀರು ಕಡಿಮೆಯಾದಾಗ ಕೆಳಗಿನಿಂದ ನೋಡಿ. ಗೋಡೆಯ ಕಲ್ಲುಗಳಲ್ಲಿ ಉಳಿದವು ಕಾಡುಕಲ್ಲುಗಳಾಗಿದ್ದು ಒಂದರ ಮೈ ಮಾತ್ರ ಸಪಾಟಾಗಿದ್ದರೆ ಅದರ ಮುಂದೆ ನಿಲ್ಲಿ. ಗಾರೆಯ ಅಂಚಿನಲ್ಲಿ ಬಿಳಿ ಪದರ ಕಂಡರೆ ಉಗುರಿನಿಂದ ಎಬ್ಬಿಸಿ ನೋಡಿ. ಮೈಲುಗಲ್ಲಿಗೆ ಬಳಿದ ಸುಣ್ಣ ಒಂದರ ಮೇಲೊಂದು ಹತ್ತಿಪ್ಪತ್ತು ಪದರವಾಗಿ, ಈರುಳ್ಳಿಯ ಸಿಪ್ಪೆಯಂತೆ ಏಳುತ್ತದೆ. ಮೋರಿಯ ಗೋಡೆಗೆ ಅಷ್ಟು ಸಲ ಯಾರೂ ಸುಣ್ಣ ಬಳಿಯುವುದಿಲ್ಲ.

ಸುಂಟಿಕೊಪ್ಪದ ಹಳಬ

ಇವತ್ತು ಸಂಜೆ ಮೊದಲನೆಯ ಮೋರಿಗೆ ಇಳಿಯಲು ಹೋಗಿದ್ದೆ. ನೀರು ಮೊಣಕಾಲಿನವರೆಗೆ ಇದೆ, ಒಳಗೆ ಒಂದು ಹಾವೂ ಇದೆ. ಮಳೆ ಬಿಟ್ಟ ಮೇಲೆ, ಹುತ್ತರಿ ಹಬ್ಬದ ಹೊತ್ತಿಗೆ, ಇನ್ನೊಮ್ಮೆ ಇಳಿಯುತ್ತೇನೆ.